ಬಸುರಿಯರ ಬಿಸಿಯೂಟ: ಮಾನ್ವಿ ತಾಲ್ಲೂಕಿನ ನನ್ನ ಅಂಗನವಾಡಿಯ ಅನುಭವ

ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಇಡೀ ರಾಜ್ಯಕ್ಕೆ ಬಂತು. ಅದಕ್ಕೂ ಮೊದಲೇ ರಾಯಚೂರು ಜಿಲ್ಲೆಯ ನಮ್ಮ ಮಾನ್ವಿ ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಶುರುವಾಗಿತ್ತು. ಅನ್ನ, ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, 200 ಮಿಲಿ ಹಾಲು, ಶೇಂಗಾ ಚಿಕ್ಕಿ, ತಿಂಗಳಿಗೆ 25 ದಿನ. ಬಸುರಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಉಣ್ಣಬೇಕು ಎನ್ನುವುದು ನಿಯಮ. ಈ ನಿಯಮವನ್ನು ಬೈಯುವವರು ಬಹಳ ಮಂದಿ. ನಾನು ಮಾತ್ರ ಅದರ ಪರ. ಡಬ್ಬಿ ಮನೆಗೆ ಹೋದರೆ ಮೊಟ್ಟೆ ದೊಡ್ಡ ಮಗನ ಬಾಯಿಗೆ, ಹಾಲು ಮಾವನ ಚಹಾಕ್ಕೆ. ಬಸುರಿಗೆ ಉಳಿಯುವುದು ತಳದ ಅನ್ನ.

ಆದರೆ ಕರೆದ ಕೂಡಲೇ ಯಾರೂ ಬರಲಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಂತೂ ಮಧ್ಯಾಹ್ನ ಊರೇ ಖಾಲಿ. "ಟೀಚರಮ್ಮಾ, ನಿಮ್ಮ ಊಟಕ್ಕ ಕಾಯ್ಕೋತ ಕುಂತ್ರ ಕೂಲಿ ಯಾರ್ ಕೊಡ್ತಾರ್ರೀ?" ಎಂದು ಅತ್ತೆಯೊಬ್ಬರು ಕೇಳಿದರು. ನ್ಯಾಯದ ಮಾತೇ. ಸಹಾಯಕಿಯ ಜೊತೆ ಕೂತು ಮಾತಾಡಿ, ಸುಗ್ಗಿಯ ತಿಂಗಳಲ್ಲಿ ಒಲೆಯನ್ನು ಬೆಳಿಗ್ಗೆಯೇ ಹಚ್ಚತೊಡಗಿದೆವು. ಕೂಲಿಗೆ ಹೊರಟವರು ನಮ್ಮಲ್ಲಿ ಉಂಡೇ ಹೊಲದ ದಾರಿ ಹಿಡಿದರು. ಹಾಜರಿ ಏರಿದ್ದು ಹೀಗೆ ಹೊತ್ತು ಬದಲಿಸಿದ ಮೇಲೆಯೇ.

ಎರಡನೆಯದು ಅತ್ತೆಯಂದಿರನ್ನೇ ಕರೆದು ಅಡುಗೆ ತೋರಿಸಿದ್ದು. ಒಬ್ಬರು ಸಾಂಬಾರಿನ ರುಚಿ ನೋಡಿ, "ಇದಕ್ಕ ಪುಂಡಿಪಲ್ಲೆ ಹಾಕ್ರೀ, ಬಸುರಿಗೆ ಹುಳಿ ಬೇಕಾಗ್ತದ" ಅಂದರು. ಮರುದಿನ ಅವರ ಹಿತ್ತಲಿನಿಂದಲೇ ಹುಳಿ ರುಚಿಯ ಪುಂಡಿ ಸೊಪ್ಪು ಬಂತು. ತೊಗರಿಬೇಳೆಯ ಜೊತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ದಿನ ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ. ಸೊಸೆಯನ್ನು ಕಳಿಸಲು ಆ ಹಿರಿಯರು ಆಮೇಲೆ ಎಂದೂ ತಡಮಾಡಲಿಲ್ಲ.

ರಕ್ತಹೀನತೆ ತಡೆಯಲು ಕೊಡುವ ಐರನ್ ಗುಳಿಗೆಯದು ಬೇರೆಯೇ ಕಥೆ. "ಗುಳಿಗಿ ನುಂಗಿದ್ರ ಕೂಸು ಕರ್ರಗ ಹುಟ್ತದಂತ್ರೀ" ಎಂದು ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋಗಿ ಎಸೆಯುತ್ತಿದ್ದರು. ಮಲ ಕಪ್ಪಾಗುವುದು ನಿಜ, ಕೂಸಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತೇನೆ. ಹೊಟ್ಟೆ ತೊಳಸುತ್ತದೆ ಅನ್ನುವವರಿಗೆ ಖಾಲಿ ಹೊಟ್ಟೆಯಲ್ಲಿ ಕೊಡುವುದಿಲ್ಲ. ಊಟವಾಗಿ ಕೈ ತೊಳೆದ ಮೇಲೆ ನನ್ನೆದುರೇ ನುಂಗಿಸುತ್ತೇನೆ. ಚಹಾ ಕುಡಿಯಲು ತಾಸೆರಡು ತಾಸು ಬಿಡಿ, ಕ್ಯಾಲ್ಸಿಯಂ ಗುಳಿಗೆಯನ್ನು ಬೇರೆ ಹೊತ್ತಿಗೆ ತಗೊಳ್ಳಿ ಅನ್ನುವುದನ್ನೂ ಸೇರಿಸುತ್ತೇನೆ. ಬಸುರಿಯ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡಿನಲ್ಲಿ ರಕ್ತದ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸುತ್ತೇನೆ. 7ಕ್ಕಿಂತ ಇಳಿದರೆ ಊಟ ಗುಳಿಗೆ ನಂಬಿ ಕೂರುವಂತಿಲ್ಲ, ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಮೊಟ್ಟೆ ತಿನ್ನದವರಿಗೆ ಮೊಳಕೆ ಹೆಸರುಕಾಳು ಕೊಡುತ್ತೇವೆ. ಹಸಿ ಬಾಣಂತಿಯರು ಹೊಸ್ತಿಲು ದಾಟುವುದಿಲ್ಲ, ಹಾಗಾಗಿ ಅವರ ಪಾಲು ಡಬ್ಬಿಯಲ್ಲಿ ಹೋಗುತ್ತದೆ. ಆಗಾಗ ಮನೆಗೆ ಹೋಗಿ ಉಂಡರೇ ಎಂದು ಅವರನ್ನೇ ಕೇಳಿ ಬರುತ್ತೇನೆ.

ನನ್ನನ್ನು ಈಗಲೂ ಕಾಡುವವರು ಗುಳೆ ಹೋಗುವ ಬಸುರಿಯರು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವರ ಕೈಗೆ ತಾಯಿ ಕಾರ್ಡ್ ಕೊಟ್ಟು, ಹತ್ತಿರದ ಅಂಗನವಾಡಿಯಲ್ಲಿ ತೋರಿಸಿ ಹೆಸರು ಬರೆಸಿ ಎಂದು ಹೇಳಿ ಕಳಿಸುತ್ತೇನೆ. ಕೆಲವರು ಬರೆಸುತ್ತಾರೆ. ಅಂಗನವಾಡಿ ಎಲ್ಲಿದೆಯೆಂದೇ ಗೊತ್ತಾಗದವರು ಫೋನ್ ಮಾಡುತ್ತಾರೆ. ಇಲ್ಲಿಂದಲೇ ಅಲ್ಲಿಯ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಲು ನಮಗೊಂದು ದಾರಿ ಬೇಕು. ಪ್ರತಿ ಸಭೆಯಲ್ಲೂ ಇದನ್ನೇ ಕೇಳುತ್ತಿದ್ದೇನೆ.