ಮೋಟರ್‌ಹೋಮ್ ಮೈಮೇಲಿನ ಕಪ್ಪು ಗೆರೆಗಳು: ಮೊದಲು ಛಾವಣಿ, ಆಮೇಲೆ ವ್ಯಾಕ್ಸ್

ಒಳಗೇ ಮನೆಯಂತೆ ವಾಸಿಸಬಹುದಾದ ಗಾಡಿ, ಅಂದರೆ ಬಿಳಿಯ ಮೋಟರ್‌ಹೋಮ್‌ನ ಪಕ್ಕದ ಮೈಯಲ್ಲಿ ಕಪ್ಪು ಗೆರೆಗಳು ಎಲ್ಲೆಂದರಲ್ಲಿ ಮೂಡುವುದಿಲ್ಲ. ಛಾವಣಿಯ ಅಂಚಿಗೆ ಕೂರಿಸಿದ ನೀರುಪಟ್ಟಿ ಮುಗಿಯುವ ತುದಿಗಳ ಕೆಳಗೆ, ಕಿಟಕಿ ಚೌಕಟ್ಟಿನ ಕೆಳಮೂಲೆಗಳಲ್ಲಿ, ಮೇಲ್ಭಾಗದ ಮಾರ್ಕರ್ ದೀಪಗಳ ಅಡಿಯಲ್ಲಿ, ಬಿಚ್ಚಿ ಮಡಚುವ ಚಪ್ಪರವನ್ನು ಬಿಗಿದ ಕ್ಲಾಂಪುಗಳ ಪಕ್ಕದಲ್ಲಿ ಅವು ಕಾಣಿಸಿಕೊಳ್ಳುತ್ತವೆ. ನೀರು ಎಲ್ಲಿ ಒಟ್ಟುಗೂಡಿ ಒಂದೇ ದಾರಿ ಹಿಡಿದು ಇಳಿಯುತ್ತದೆಯೋ ಅಲ್ಲಿ ಗೆರೆ ಏಳುತ್ತದೆ. ಇದನ್ನು ಗಮನಿಸಿದ ಮೇಲೆ ಗೆರೆಯನ್ನು ಒರೆಸುವ ಕೆಲಸಕ್ಕಿಂತ ಆ ನೀರು ಮೇಲಿನಿಂದ ಏನನ್ನು ಹೊತ್ತು ತರುತ್ತಿದೆ, ಯಾವ ದಾರಿಯಲ್ಲಿ ಇಳಿಯುತ್ತಿದೆ ಎಂಬುದರ ಕಡೆಗೆ ನಾನು ಹೆಚ್ಚು ಗಮನ ಕೊಡತೊಡಗಿದೆ.

ನಮ್ಮದು ಫೋರ್ಸ್ ಟ್ರಾವೆಲರ್ ವ್ಯಾನಿನ ಚಾಸಿಸ್ ಮೇಲೆ ಫೈಬರ್ ಬಾಡಿ ಕಟ್ಟಿಸಿದ ಗಾಡಿ. ಮೈಯೂ ಛಾವಣಿಯೂ ಜೆಲ್‌ಕೋಟ್ ಎಂಬ ನುಣುಪಾದ ಹೊರಪದರ ಹೊದ್ದ ಫೈಬರ್‌ಗ್ಲಾಸ್. ಮನೆ ಬೆಳಗಾವಿಯ ಟಿಳಕವಾಡಿಯಲ್ಲಿದೆ, ಓಡಾಟವೆಲ್ಲ ಹೆಚ್ಚಾಗಿ ಬಾದಾಮಿ, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ವಿಜಯಪುರದ ಕಡೆಗೆ. ಬಾಡಿ ಕಟ್ಟಿದ ಮಿಸ್ತ್ರಿ ಗಾಡಿ ಒಪ್ಪಿಸುವಾಗಲೇ ಹೇಳಿದ್ದರು: “ಸರ, ಮೈ ಎಷ್ಟ ತೊಳದ್ರೂ ಅಷ್ಟರೀ. ಮದಲ ನೆತ್ತಿ ತೊಳೀರಿ, ಗೆರಿ ಅಲ್ಲೇ ಹುಟ್ಟತಾವ.” ಈ ಮಾತನ್ನೇ ಹಿಡಿದು ನನ್ನ ಪದ್ಧತಿಯನ್ನು ಕಟ್ಟಿಕೊಂಡಿದ್ದೇನೆ.

ಛಾವಣಿಯ ಮೇಲೆ ಏನಿರುತ್ತದೆ ಎಂಬುದು ನಮ್ಮ ಭಾಗದಲ್ಲಿ ಋತುವಿಗೊಂದು ರೀತಿ ಬದಲಾಗುತ್ತದೆ. ಬೇಸಿಗೆಯಲ್ಲಿ ಬೆಳಗಾವಿ, ಖಾನಾಪುರದ ಕೆಂಪು ಧೂಳು ಕೂರುತ್ತದೆ. ವಿಜಯಪುರದ ಕಡೆ ಹೋದರೆ ಎರೆಮಣ್ಣಿನ ನುಣ್ಣನೆಯ ಕಪ್ಪು ಧೂಳು. ಹೆದ್ದಾರಿಯ ಡೀಸೆಲ್ ಹೊಗೆಯ ಜಿಡ್ಡು ವರ್ಷವಿಡೀ ಇದ್ದದ್ದೇ. ಇವೆಲ್ಲಕ್ಕಿಂತ ಹಟಮಾರಿಯಾದದ್ದು ಕಬ್ಬಿನ ಬೂದಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸಿಪ್ಪೆ ಉರಿಸುವ ಬಾಯ್ಲರುಗಳಿಂದಲೂ, ಕಟಾವಾದ ಹೊಲಗಳಲ್ಲಿ ರವದಿಗೆ (ಕಬ್ಬಿನ ಒಣ ಸೋಗೆಗೆ) ಬೆಂಕಿ ಹಚ್ಚಿದಾಗಲೂ ಕರಿಯ ಹಗುರ ಚೂರುಗಳು ಗಾಳಿಯಲ್ಲಿ ತೇಲಿ ಬರುತ್ತವೆ. ಮುಧೋಳ, ಜಮಖಂಡಿಯ ಕಡೆ ಒಂದು ರಾತ್ರಿ ಗಾಡಿ ನಿಲ್ಲಿಸಿ ಬೆಳಿಗ್ಗೆ ಏಣಿ ಹತ್ತಿ ನೋಡಿದರೆ ಅವು ಛಾವಣಿಯ ತುಂಬ ಬಿದ್ದಿರುತ್ತವೆ. ಬೆರಳಿನಿಂದ ಮುಟ್ಟಿದರೆ ಪುಡಿಯಾಗಿ, ಉಜ್ಜಿದರೆ ಕಾಡಿಗೆಯಾಗುತ್ತವೆ. ಒಣಗಿದ್ದಾಗ ಊದಿದರೂ ಹಾರುವ ಈ ಬೂದಿ, ಇಬ್ಬನಿಯಲ್ಲಿ ತೊಯ್ದು ಇಳಿದರೆ ಮಾತ್ರ ಗೋಡೆಗೆ ಅಂಟಿಕೊಂಡು ಕೂರುತ್ತದೆ.

ಇದಕ್ಕೆ ಛಾವಣಿಯ ಸ್ವಂತ ಪುಡಿಯೂ ಸೇರುತ್ತದೆ. ಅಮೆರಿಕದ ಎಷ್ಟೋ ಮೋಟರ್‌ಹೋಮ್‌ಗಳ ಛಾವಣಿಗೆ ಇಪಿಡಿಎಂ ಎಂಬ ರಬ್ಬರ್ ಹಾಳೆ ಹೊದಿಸಿರುತ್ತಾರೆ. ಅದು ಬಿಸಿಲಿಗೆ ಸವೆಯುತ್ತ ಬಿಳಿಯ ಪುಡಿ ಬಿಡುತ್ತದೆ, ಆ ಪುಡಿ ಕೊಳೆಯನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ. ಅಂಥ ರಬ್ಬರಿಗೆ ಪೆಟ್ರೋಲಿಯಂ ಮೂಲದ ಕ್ಲೀನರ್ ತಾಗಿಸಲೇಬಾರದು, ಅದು ಉಬ್ಬಿ ಕೆಡುತ್ತದೆ. ನಮ್ಮಲ್ಲಿ ಹೆಚ್ಚಾಗಿರುವ ಫೈಬರ್ ಛಾವಣಿಯೂ ಬಿಸಿಲಿನ ನೇರಳಾತೀತ ಕಿರಣಗಳಿಗೆ ಜೆಲ್‌ಕೋಟ್ ಒಣಗಿ ಹೀಗೆಯೇ ಪುಡಿ ಬಿಡುತ್ತದೆ. ಕಡುಬಣ್ಣದ ಒಣ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿದರೆ ಸಾಕು. ಬಟ್ಟೆಗೆ ಸುಣ್ಣದಂಥ ಪುಡಿ ಹತ್ತಿದರೆ ಆ ಜಾಗ ಸವೆಯತೊಡಗಿದೆ ಎಂದೇ ಅರ್ಥ.

ಗೆರೆ ಮೂಡಿಸುವುದು ಜೋರು ಮಳೆಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬೆಳಗಾವಿಯ ಜುಲೈ ಮಳೆ ಛಾವಣಿಯನ್ನು ತಾನೇ ತೊಳೆದುಬಿಡುತ್ತದೆ. ತೊಂದರೆ ಕೊಡುವುದು ತುಂತುರು ಮತ್ತು ಇಬ್ಬನಿ. ಕೊಳೆಯನ್ನು ಕರಗಿಸುವಷ್ಟು ನೀರಿದ್ದು ಅದನ್ನು ನೆಲದವರೆಗೆ ಒಯ್ಯುವಷ್ಟು ಇಲ್ಲದಿದ್ದಾಗ, ಕೊಳೆ ಗೋಡೆಯ ನಡುವೆಯೇ ಒಣಗಿ ನಿಲ್ಲುತ್ತದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ವಿಜಯಪುರ, ಬಾಗಲಕೋಟೆಯ ಸೀಮೆಯಲ್ಲಿ, ಮಳೆ ಕಡಿಮೆ ಎಂಬ ಧೈರ್ಯದಲ್ಲಿ ಇರುವವರ ಗಾಡಿಗಳಲ್ಲೇ ಗೆರೆಗಳು ದಟ್ಟವಾಗಿರುವುದಕ್ಕೆ ಇದೇ ಕಾರಣ.

ಹೀಗಾಗಿ ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮೇ ತಿಂಗಳಲ್ಲಿ ಮತ್ತು ಮಳೆ ಹಿಂದೆಗೆದ ಮೇಲೆ ದಸರೆಯ ಖಂಡೇನವಮಿಯ ಸುಮಾರಿಗೆ, ಪೂರ್ತಿ ಕೆಲಸ ಮಾಡುತ್ತೇನೆ. ಎರಡನೆಯದು ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗುವ ಮೊದಲೇ ಗಾಡಿಯ ಮೈಗೆ ಹೊಸ ಪದರ ಬಿದ್ದಿರಬೇಕು.

ಕೆಲಸ ಛಾವಣಿಯಿಂದ ಆರಂಭವಾಗುತ್ತದೆ. ಮೊದಲು ಒಣಗಿದ್ದಾಗಲೇ ಮೆದುವಾದ ಪೊರಕೆಯಿಂದ ಧೂಳು, ಬೂದಿ, ಎಲೆಗಳನ್ನು ಗುಡಿಸಿ ಮೊರಕ್ಕೆ ತುಂಬಿ ಕೆಳಗಿಳಿಸುತ್ತೇನೆ; ಇಲ್ಲಿ ತೆಗೆದ ಬೂದಿ ಮತ್ತೆ ನೀರಿಗೆ ಬೀಳುವುದಿಲ್ಲ. ಸೋಲಾರ್ ಹಲಗೆಯ ಅಡಿಯ ಸಂದಿಯನ್ನು ಮರೆಯಬಾರದು. ಹಲಗೆಗೂ ಛಾವಣಿಗೂ ನಡುವಿನ ಆ ಜಾಗದಲ್ಲಿ ಗಾಳಿ ತಂದ ಬೂದಿ ಸೇರಿಕೊಂಡು ಪ್ರತಿ ಮಳೆಗೂ ಸ್ವಲ್ಪಸ್ವಲ್ಪವಾಗಿ ಹೊರಬರುತ್ತಿರುತ್ತದೆ. ಉದ್ದ ಹಿಡಿಯ ಬ್ರಷ್ಷಿಗೆ ಒದ್ದೆ ಬಟ್ಟೆ ಸುತ್ತಿ ಅದನ್ನು ಎಳೆದು ತೆಗೆಯುತ್ತೇನೆ. ಆಮೇಲೆ ಛಾವಣಿಗೆ ನೀರು ಬಿಡುವುದಕ್ಕೆ ಮೊದಲು ನಾಲ್ಕೂ ಪಕ್ಕದ ಗೋಡೆಗಳನ್ನು ಚೆನ್ನಾಗಿ ತೋಯಿಸುತ್ತೇನೆ. ಒಣಗೋಡೆಯ ಮೇಲೆ ಇಳಿದ ಕೊಳೆನೀರು ಅಲ್ಲೇ ಹಿಡಿದುಕೊಳ್ಳುತ್ತದೆ, ತೊಯ್ದ ಗೋಡೆಯ ಮೇಲೆ ಜಾರಿ ಹೋಗುತ್ತದೆ. ಮೇಲೆ ಒಬ್ಬರು ಕಾರ್ ಶಾಂಪೂ ಹಾಕಿ ಉಜ್ಜುವಾಗ ಕೆಳಗೆ ಇನ್ನೊಬ್ಬರು ಪೈಪು ಹಿಡಿದು ಗೋಡೆಗಳನ್ನು ತೋಯಿಸುತ್ತಲೇ ಇರಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಮಗಳದು. ಸೋಪಿನ ಛಾವಣಿಯ ಮೇಲೆ ಕಾಲಿಡುವುದು ಅಪಾಯ. ಹಿಂದಿನಿಂದ ಏಣಿಯ ಕಡೆಗೆ ಬರುತ್ತ, ನಿಂತ ಜಾಗ ಯಾವಾಗಲೂ ಒಣಗಿರುವಂತೆ ನೋಡಿಕೊಂಡು, ಅಡ್ಡ ಹಲಗೆಯ ಮೇಲೆ ಮೊಣಕಾಲೂರಿ ಮಾಡುತ್ತೇನೆ.

ಅದೇ ಹೊತ್ತಿನಲ್ಲಿ ಗಾಳಿಕಿಂಡಿ, ಎಸಿ, ಸೋಲಾರ್ ಕಾಲುಗಳ ಸುತ್ತ ನೀರು ಸೋರದಂತೆ ಸಂದಿಗೆ ತುಂಬಿದ ಸೀಲಂಟ್ ಅನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಬಿರುಕು ಕಂಡಲ್ಲಿ ಪಾಲಿಯುರಿಥೇನ್ ಸೀಲಂಟ್ ತುಂಬುತ್ತೇನೆಯೇ ಹೊರತು ಸ್ನಾನದಮನೆಗೆ ಬಳಸುವ ಸಿಲಿಕೋನ್ ಹಚ್ಚುವುದಿಲ್ಲ. ಸಿಲಿಕೋನ್‌ನಿಂದ ಒಸರುವ ಎಣ್ಣೆಯ ಅಂಶ ಧೂಳನ್ನು ಹಿಡಿದು ತನ್ನದೇ ಕಪ್ಪು ಗೆರೆಗಳನ್ನು ಬಿಡುತ್ತದೆ, ಮುಂದೆ ಅದರ ಮೇಲೆ ಬೇರೆ ಯಾವ ಸೀಲಂಟೂ ಸರಿಯಾಗಿ ಹಿಡಿಯುವುದಿಲ್ಲ.

ಇನ್ನು ನೀರಿನ ದಾರಿ. ವಿಜಯಪುರದ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮಾಳಿಗೆಯ ನೀರು ಗೋಡೆಗೆ ತಾಗದೆ ದೂರ ಬೀಳಲೆಂದು ಅಂಚಿನಿಂದ ದೋಣಿಯೊಂದು ಹೊರಚಾಚಿರುವುದನ್ನು ನೋಡಿದ್ದೇವೆ. ಮೋಟರ್‌ಹೋಮ್‌ಗೂ ಬೇಕಾದದ್ದು ಅದೇ. ನೀರುಪಟ್ಟಿಯ ನಾಲ್ಕು ತುದಿಗಳಿಗೆ ಪ್ಲಾಸ್ಟಿಕ್ ಮೂತಿಗಳನ್ನು ಅಂಟಿಸಿದೆ. ನೀರು ಗೋಡೆಯಿಂದ ಎರಡು ಮೂರು ಇಂಚು ಆಚೆಗೆ ಬೀಳುತ್ತದೆ. ಜೊತೆಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಹಿಂದಿನ ಒಂದು ಚಕ್ರದ ಕೆಳಗೆ ತೆಳುವಾದ ಹಲಗೆ ಕೊಟ್ಟು, ನೀರೆಲ್ಲ ಮುಂದಿನ ಒಂದು ಮೂಲೆಗೆ ಹರಿಯುವಂತೆ ತುಸು ಓರೆಯಾಗಿ ನಿಲ್ಲಿಸುತ್ತೇನೆ. ಇಷ್ಟೇ ಮಾಡಿದರೂ ಗೆರೆಗಳಲ್ಲಿ ಬಹುಪಾಲು ಕಡಿಮೆಯಾಗುತ್ತವೆ, ಇದಕ್ಕೆ ಖರ್ಚೂ ಅಷ್ಟಾಗಿ ಇಲ್ಲ.

ಗೋಡೆ ತೊಳೆಯುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಸೋಪನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು, ನೀರನ್ನು ಮೇಲಿನಿಂದ ಕೆಳಕ್ಕೆ ಬಿಡಬೇಕು. ಹಾಗೆ ಮಾಡಿದರೆ ಸೋಪಿನ ನೀರು ಒಣಕೊಳೆಯ ಮೇಲೆ ಹರಿದು ಹೊಸ ಗುರುತು ಮಾಡುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಹಳೆಯ ವ್ಯಾಕ್ಸನ್ನು ಕಿತ್ತುಹಾಕುತ್ತದೆ, ಆದ್ದರಿಂದ ಹೊಸ ವ್ಯಾಕ್ಸ್ ಹಚ್ಚುವ ದಿನ ಬಿಟ್ಟು ಬೇರೆ ದಿನ ಅದನ್ನು ಬಳಸುವುದಿಲ್ಲ. ಕೆಲವು ವಾಷಿಂಗ್ ಸೆಂಟರುಗಳಲ್ಲಿ ಗೆರೆಗಳಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಒರೆಸುವ ರೂಢಿಯಿದೆ. ಆ ಕ್ಷಣಕ್ಕೆ ಗೆರೆ ಹೋದಂತೆ ಕಾಣುತ್ತದೆ, ಆದರೆ ಉಳಿದ ಜಿಡ್ಡು ಮಾರನೆಯ ದಿನದ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ, ಕಿಟಕಿಯ ರಬ್ಬರೂ ಸೀಲಂಟೂ ಮೆತ್ತಗಾಗುತ್ತವೆ. ಜೋರು ಒತ್ತಡದ ನೀರಿನ ಗನ್ನನ್ನು ಸೀಲಂಟಿನ ಹತ್ತಿರ ಹಿಡಿಯಲು ಯಾರಿಗೂ ಬಿಡಬೇಡಿ.

ತೊಳೆದ ಮೇಲೂ ಉಳಿದ ಗೆರೆಗಳಿಗೆ ಕಪ್ಪುಗೆರೆ ತೆಗೆಯುವ ದ್ರಾವಣವನ್ನು ಸ್ಪ್ರೇ ಮಾಡಿ, ಒಣಗಲು ಬಿಡದೆ ಒರೆಸಿ ತೊಳೆಯುತ್ತೇನೆ. ಸ್ಟಿಕ್ಕರುಗಳ ಮೇಲೆ ಹಾಕುವುದಕ್ಕೆ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸುವುದು ಲೇಸು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಂಥ ಕಡೆ, ಫೌಂಡ್ರಿಗಳ (ಲೋಹ ಎರಕದ ಕಾರ್ಖಾನೆಗಳ) ಆಸುಪಾಸಿನಲ್ಲಿ ಗಾಡಿ ನಿಲ್ಲಿಸುವವರಿಗೆ ಇನ್ನೊಂದು ಹಂತ ಬೇಕಾಗುತ್ತದೆ. ಗಾಳಿಯಲ್ಲಿನ ಕಬ್ಬಿಣದ ಕಣಗಳು ಮೈಗೆ ಚುಚ್ಚಿಕೊಂಡು ತುಕ್ಕಿನ ಚುಕ್ಕೆಗಳಾಗುತ್ತವೆ. ಐರನ್ ರಿಮೂವರ್ ಎಂಬ ದ್ರಾವಣವನ್ನು ಸಿಂಪಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ಬಿಳಿಯ ಮೈಮೇಲೆ ಅಲ್ಲಲ್ಲಿ ನೇರಳೆ ಬಣ್ಣದ ಎಳೆಗಳು ಇಳಿಯತೊಡಗುತ್ತವೆ. ಕಬ್ಬಿಣ ಕರಗುತ್ತಿರುವ ಗುರುತು ಅದು. ಆಮೇಲೂ ಕೈಗೆ ಉರುಟು ಹತ್ತಿದರೆ ಕ್ಲೇ ಬಾರ್ ಎಂಬ, ಅಂಟಿದ ಕಣಗಳನ್ನು ಎಳೆದು ತೆಗೆಯುವ ಮೆದು ಮುದ್ದೆಯಿಂದ, ಜಾರುವ ದ್ರವವನ್ನು ಧಾರಾಳವಾಗಿ ಹಾಕಿ, ಉಜ್ಜುತ್ತೇನೆ.

ಮೈ ಮಂಕಾಗಿದ್ದರೆ ಮಾತ್ರ ಕಾಂಪೌಂಡ್, ಅಂದರೆ ಮೇಲ್ಪದರವನ್ನು ತುಸು ಉಜ್ಜಿ ತೆಗೆಯುವ ಪೇಸ್ಟ್, ಹಾಕಬೇಕು. ಜೆಲ್‌ಕೋಟ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ, ಕಾರಿನ ಪೇಂಟಿಗಿಂತ ದಪ್ಪ. ಆದರೂ ಪ್ರತಿ ವರ್ಷ ಉಜ್ಜಿದರೆ ಅದೂ ಉಳಿಯುವುದಿಲ್ಲ. ತಿರುಗುತ್ತಲೇ ಓಲಾಡುವ ಡ್ಯುಯಲ್ ಆಕ್ಷನ್ ಪಾಲಿಶರ್ ಯಂತ್ರ ಇದ್ದರೆ ನಿಧಾನವಾದರೂ ಸುರಕ್ಷಿತ. ಸವೆದ, ಸೂಕ್ಷ್ಮ ರಂಧ್ರಗಳಿರುವ ಜೆಲ್‌ಕೋಟ್ ಮೇಲೆ ನೇರವಾಗಿ ವ್ಯಾಕ್ಸ್ ಹಚ್ಚಿದರೆ ಪುಡಿಯ ಮೇಲೆ ಹಚ್ಚಿದ ಹಾಗಾಗುತ್ತದೆ, ಕೆಲವೇ ವಾರಗಳಲ್ಲಿ ಅದು ಪುಡಿಯ ಸಮೇತ ಹೊರಟುಹೋಗುತ್ತದೆ.

ವ್ಯಾಕ್ಸ್ ಮಾಡುವ ಕೆಲಸವೆಂದರೆ ಆ ರಂಧ್ರಗಳನ್ನು ಮುಚ್ಚಿ ಮೈಯನ್ನು ನುಣುಪಾಗಿಸುವುದು. ಕಪ್ಪು ನೀರು ಆಗಲೂ ಇಳಿಯುತ್ತದೆ, ಆದರೆ ಒಳಗೆ ಇಂಗಲು ದಾರಿಯಿಲ್ಲದೆ ಮೇಲೆಯೇ ಒಣಗುತ್ತದೆ, ಬರಿಯ ಒದ್ದೆ ಬಟ್ಟೆಗೆ ಬಂದುಬಿಡುತ್ತದೆ. ಬ್ರೆಜಿಲ್‌ನ ಒಂದು ಜಾತಿಯ ತಾಳೆಯ ಎಲೆಯಿಂದ ತೆಗೆಯುವ ಕಾರ್ನೌಬಾ ಮೇಣ ಹೊಳಪಿಗೆ ಒಳ್ಳೆಯದು. ಅದು ಕರಗುವುದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಿದ್ದರೂ ನಮ್ಮ ಬಿಸಿಲಿನಲ್ಲಿ ಎರಡು ಮೂರು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ. ಆದ್ದರಿಂದ ಪಕ್ಕದ ಗೋಡೆಗಳಿಗೆ ನಾನು ಪಾಲಿಮರ್ ಸೀಲಂಟ್ ಎಂದು ಮಾರುವ ಕೃತಕ ವ್ಯಾಕ್ಸನ್ನೇ (ಸಂದಿ ತುಂಬುವ ಸೀಲಂಟ್ ಬೇರೆ) ಆರಿಸುತ್ತೇನೆ. ಹೊಳಪು ಸ್ವಲ್ಪ ಕಡಿಮೆ, ಬಾಳಿಕೆ ಹೆಚ್ಚು.

ಹಚ್ಚುವುದು ನೆರಳಿನಲ್ಲಿ, ಬೆಳಗಿನ ತಂಪಿನಲ್ಲಿ. ಅಂಗೈ ಇಟ್ಟರೆ ಮೈ ಬೆಚ್ಚಗೆನಿಸಿದರೆ ಅಂದಿನ ಕೆಲಸ ನಿಲ್ಲಿಸಬೇಕು. ಬಿಸಿ ಮೈಮೇಲೆ ವ್ಯಾಕ್ಸ್ ಕ್ಷಣದಲ್ಲಿ ಗಟ್ಟಿಯಾಗಿ ಕಲೆಯಾಗುತ್ತದೆ. ಸುಮಾರು ಎರಡು ಅಡಿ ಉದ್ದಗಲದ ಜಾಗ ತೆಗೆದುಕೊಂಡು ಸ್ಪಂಜಿನಿಂದ ಸಾಧ್ಯವಾದಷ್ಟು ತೆಳುವಾಗಿ ಹಚ್ಚುತ್ತೇನೆ. ದಪ್ಪವಾಗಿ ಹಚ್ಚಿದರೆ ಬಾಳಿಕೆ ಹೆಚ್ಚುವುದಿಲ್ಲ, ಒರೆಸುವ ಕಷ್ಟ ಮಾತ್ರ ಹೆಚ್ಚುತ್ತದೆ. ಮಂಜು ಕವಿದ ಹಾಗೆ ಬಿಳಿಚಿಕೊಂಡಾಗ ಬೆರಳಿನಿಂದ ಒಂದು ಗೆರೆ ಎಳೆದು ನೋಡಬೇಕು. ಗೆರೆ ಸ್ವಚ್ಛವಾಗಿ ಹೊಳೆದರೆ ಒರೆಸಬಹುದು, ಎಣ್ಣೆಯಂತೆ ಹರಡಿದರೆ ಇನ್ನೂ ಕಾಯಬೇಕು. ಗೋಡೆಗಿಂತ ಹೆಚ್ಚು ಶ್ರದ್ಧೆಯಿಂದ ನಾನು ವ್ಯಾಕ್ಸ್ ಹಚ್ಚುವುದು ಛಾವಣಿ ಬಾಗಿ ಗೋಡೆಯಾಗುವ ಅಂಚಿಗೆ, ನೀರುಪಟ್ಟಿಯ ಒಳಗೆ, ಕಿಟಕಿಯ ಕೆಳಗಿನ ಒಂದು ಗೇಣು ಜಾಗಕ್ಕೆ. ಅಲ್ಲಿ ಎರಡು ಪದರ. ಛಾವಣಿಯ ನಡುಭಾಗ ಕಾಲಿಡುವ ಜಾಗ, ಅಲ್ಲಿ ವ್ಯಾಕ್ಸ್ ಜಾರಿಸುತ್ತದೆ, ಹಾಗಾಗಿ ಅದನ್ನು ಬಿಡುತ್ತೇನೆ. ಅಕ್ರಿಲಿಕ್ ಕಿಟಕಿಗಳಿಗೂ ಕಪ್ಪು ರಬ್ಬರ್ ಪಟ್ಟಿಗಳಿಗೂ ತಾಗಬಾರದು. ಪಟ್ಟಿಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಆಮೇಲೆ ಬಿಳಿಕಲೆ ಕೀಳುವ ಕೆಲಸ ಉಳಿಯುತ್ತದೆ.

ನೀರಿನ ವಿಷಯವನ್ನು ಬಾಗಲಕೋಟೆಯವರು ಗಮನಿಸಬೇಕು. ಸುಣ್ಣದಕಲ್ಲಿನ ನೆಲವಾದ್ದರಿಂದ ಅಲ್ಲಿ ಬೋರ್‌ವೆಲ್ ನೀರು ಗಡುಸು. ತೊಳೆದು ಹಾಗೆಯೇ ಒಣಗಲು ಬಿಟ್ಟರೆ ಬಿಳಿಚುಕ್ಕೆಗಳು ಕೂರುತ್ತವೆ, ಆ ಉರುಟಿಗೆ ಮುಂದೆ ಕಪ್ಪು ಕೊಳೆ ಕಚ್ಚುತ್ತದೆ. ರಬ್ಬರ್ ಪಟ್ಟಿಯ ವೈಪರಿನಿಂದ ನೀರೆಳೆದು ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಬೇಕು. ಚುಕ್ಕೆ ಆಗಲೇ ಇದ್ದರೆ ಅರ್ಧ ನೀರು, ಅರ್ಧ ಬಿಳಿ ವಿನೆಗರ್ ಬೆರೆಸಿ ಒರೆಸಿ, ಕೂಡಲೇ ತೊಳೆಯಬೇಕು.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಗಾಡಿಯ ಮೈಗೆ ಭಂಡಾರ, ಅಂದರೆ ಅರಿಶಿನದ ಪುಡಿ, ಹತ್ತಿರುತ್ತದೆ. ಅದಕ್ಕೆ ಸೋಪು ಹಚ್ಚಿದ ಕೂಡಲೇ ಹಳದಿ ಕೆಂಪಾಗುವುದನ್ನು ನೋಡಿ ಕೆಲವರು ಗಾಬರಿಯಾಗುತ್ತಾರೆ. ಅರಿಶಿನಕ್ಕೆ ಕ್ಷಾರ ತಾಗಿದರೆ ಆಗುವುದೇ ಹಾಗೆ. ವ್ಯಾಕ್ಸ್ ಇರುವ ಮೈಯಿಂದ ಅದು ಒಣಬಟ್ಟೆಗೇ ಉದುರುತ್ತದೆ, ತುಸು ಉಳಿದರೂ ಬಿಸಿಲಿಗೆ ಬಣ್ಣ ಮಾಸಿ ಹೋಗುತ್ತದೆ.

ಉಳಿದ ದಿನಗಳಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಇಬ್ಬನಿ ಬಿದ್ದ ಬೆಳಗಿನಲ್ಲಿ, ಬಿಸಿಲು ಗೋಡೆಗೆ ಬರುವ ಮೊದಲು, ಒಂದು ಮೆದುವಾದ ಬಟ್ಟೆ ಹಿಡಿದು ಗೆರೆ ಇಳಿಯುವ ಜಾಗಗಳನ್ನಷ್ಟೇ ಒರೆಸಿಕೊಂಡು ಬರುತ್ತೇನೆ. ನೀರನ್ನು ಇಬ್ಬನಿಯೇ ಕೊಟ್ಟಿರುತ್ತದೆ. ನಿಲ್ಲಿಸಲು ಪತ್ರಾಸಿನ (ತಗಡಿನ) ಶೆಡ್ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ತಾಡಪತ್ರಿ ಬಿಗಿದರೆ ಗಾಳಿಗೆ ಬಡಿದು ಮೈ ಗೀರುತ್ತದೆ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ತಿಂಗಳಿಗೊಮ್ಮೆ ಪೈಪು ಹಿಡಿದು ನಾಲ್ಕೂ ಪಕ್ಕಕ್ಕೆ ನೀರು ಬಿಟ್ಟು ನೋಡುತ್ತೇನೆ. ಹನಿಗಳು ಗುಂಡಗೆ ನಿಂತು ಉರುಳಿದರೆ ವ್ಯಾಕ್ಸ್ ಇನ್ನೂ ಇದೆ, ನೀರು ಹಾಳೆಯಂತೆ ಹರಡಿ ಅಂಟಿಕೊಂಡರೆ ಮುಗಿದಿದೆ. ನಮ್ಮ ಗಾಡಿಯಲ್ಲಿ ಮಧ್ಯಾಹ್ನದ ಬಿಸಿಲು ತಿನ್ನುವ ಪಶ್ಚಿಮದ ಪಕ್ಕ ಯಾವಾಗಲೂ ಮೊದಲು ಸೋಲುತ್ತದೆ, ಆಗ ಇಡೀ ಗಾಡಿಯನ್ನು ಹಿಡಿದು ಕೂರದೆ ಆ ಒಂದು ಪಕ್ಕಕ್ಕೆ ಮಾತ್ರ ಮತ್ತೊಂದು ತೆಳುಪದರ ಹಚ್ಚುತ್ತೇನೆ.