ಯಾದವಗಿರಿಯಲ್ಲಿ ಹುಟ್ಟಿದ ಬೈಕು, ಝೆಕ್‌ನಿಂದ ಬರೋ ಸಾಮಾನು

ಜಾವಾ ಬೈಕು ತಯಾರಾದ ಊರಲ್ಲೇ ಇದ್ದುಕೊಂಡು ಅದರ ಬಿಡಿ ಸಾಮಾನನ್ನ ಹೊರದೇಶದಿಂದ ತರಿಸ್ತೀನಿ ಅಂದ್ರೆ ಮೈಸೂರಿನ ಹಳಬರು ಮುಖ ಸಿಂಡರಿಸ್ತಾರೆ. ಅವರ ಸಿಟ್ಟು ನ್ಯಾಯವೇ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಜಾವಾ, ಯೆಜ್ಡಿಗಳು ದೇಶದ ಉದ್ದಗಲಕ್ಕೂ ಓಡಿವೆ. ಅಲ್ಲಿ ದುಡಿದ ಎಷ್ಟೋ ಮಂದಿ ಆಮೇಲೆ ಇಲ್ಲೇ ಗ್ಯಾರೇಜು, ಲೇತು ಇಟ್ಟುಕೊಂಡು ಬದುಕಿದರು. ಅವರ ಕೈಕೆಲಸ ಇರುವಾಗ ಜಾವಾದ ತವರಾದ ಝೆಕ್ ದೇಶದ ಪ್ರಾಗ್ ಕಡೆಗೆ ಯಾಕೆ ನೋಡಬೇಕು?

ನನ್ನ ಹತ್ರ ಎರಡು ಗಾಡಿ ಇವೆ. ಒಂದು ಅರವತ್ತರ ದಶಕದ ಜಾವಾ 250, ಇನ್ನೊಂದು ಎಂಬತ್ತರ ದಶಕದ ಯೆಜ್ಡಿ ರೋಡ್‌ಕಿಂಗ್. ಎರಡನ್ನೂ ಬಿಚ್ಚಿ, ಜೋಡಿಸಿ, ಓಡಿಸ್ತಾ ಬಂದಿದ್ದೀನಿ. ಹಳೇ ಗಾಡಿ ಹೊಸದಾಗಿ ಕೊಂಡ ಹುಡುಗರು ಬಂದು ಮೊದಲು ಕೇಳೋದು, "ಸಾರ್, ಒರಿಜಿನಲ್ ಪಾರ್ಟ್ ಎಲ್ಲಿ ಸಿಗುತ್ತೆ?" ಅಂತ. ನಾನು ತಿರುಗಿ ಕೇಳೋದು, "ಅಳತೆ ತಗೊಂಡಿದ್ದೀಯಾ?" ಅಂತ. ಊರಲ್ಲಿ ಕೊಳ್ಳೋದೋ, ಹೊರದೇಶದಿಂದ ತರಿಸೋದೋ ಅನ್ನೋ ಪ್ರಶ್ನೆ ಅರ್ಧಕ್ಕರ್ಧ ವರ್ನಿಯರ್ ಅನ್ನೋ ಅಳತೆ ಸಾಧನ ಹಿಡಿದ ಕೂಡಲೇ ತೀರ್ಮಾನ ಆಗಿಬಿಡುತ್ತೆ.

ಬೇರಿಂಗನ್ನೇ ತಗೊಳ್ಳಿ. ಎಂಜಿನ್ ಬಿಚ್ಚಿದಾಗ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸೋ ಶಾಫ್ಟಿನ) ಬೇರಿಂಗು ಮಸಿ ಹಿಡಿದು ಕೂತಿರುತ್ತೆ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನ ಮೇಲೆ ನಂಬರು ಕಾಣುತ್ತೆ. 6305 ಅಂತಿದ್ರೆ, ಕೊನೆಯ ಎರಡಂಕಿಯನ್ನ ಐದರಿಂದ ಗುಣಿಸಿ, ಒಳವ್ಯಾಸ 25 ಮಿ.ಮೀ. ಹೊರವ್ಯಾಸ 62, ದಪ್ಪ 17. ಜಗತ್ತಿನಲ್ಲಿ ಎಲ್ಲಿ ಕೊಂಡರೂ ಇಷ್ಟೇ. ನನಗೆ ಇದನ್ನ ತೋರಿಸಿಕೊಟ್ಟವರು ಯಾದವಗಿರಿ ಕಾರ್ಖಾನೆಯಲ್ಲೇ ದುಡಿದು ಬಂದಿದ್ದ ಒಬ್ಬ ಮೇಸ್ತ್ರಿ. "ನೋಡಪ್ಪ, ಅಂಗಡೀಲಿ ಜಾವಾ ಬೇರಿಂಗ್ ಕೊಡಿ ಅಂದ್ರೆ ಜಾವಾ ರೇಟು ಹೇಳ್ತಾನೆ. 6305 ಸಿ3 ಕೊಡಿ ಅನ್ನು, ಬೇರಿಂಗ್ ರೇಟು ಹೇಳ್ತಾನೆ" ಅಂದರು. ಸಿ3 ಅಂದ್ರೆ ಒಳಗಿನ ಸಡಿಲ ಸ್ವಲ್ಪ ಹೆಚ್ಚು ಅಂತ. ಬಿಸಿಯಾಗಿ ಹಿಗ್ಗೋ ಕ್ರ್ಯಾಂಕಿಗೆ ಅದು ಬೇಕು. ಇಂಥದ್ದನ್ನ ಯುರೋಪಿನಿಂದ ತರಿಸೋದು ದುಡ್ಡು ಚೆಲ್ಲಿದ ಹಾಗೆ. ಅಧಿಕೃತ ಡೀಲರ್ ಹತ್ರ ಬಿಲ್ ಸಮೇತ ತಗೊಳ್ಳಿ, ಅಷ್ಟೇ. ಬೇರಿಂಗಿನಲ್ಲಿ ನಕಲಿ ಡಬ್ಬಿಗಳ ಹಾವಳಿ ವಿಪರೀತ.

ಶಾಫ್ಟಿನ ಸುತ್ತ ಎಣ್ಣೆ ಸೋರದ ಹಾಗೆ ಕೂರೋ ರಬ್ಬರ್ ಬಳೆ, ಆಯಿಲ್ ಸೀಲಿಗೂ ಮೈಮೇಲೆ ಮೂರು ಅಂಕಿ ಇರುತ್ತೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಆದರೆ ಇಲ್ಲಿ ಅಳತೆ ಕೂಡಿಬಂದ ಮಾತ್ರಕ್ಕೆ ಮುಗಿಯಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲು ಎಣ್ಣೆ ತಡೆಯೋದರ ಜೊತೆಗೆ ಗಾಳಿಯನ್ನೂ ತಡೀಬೇಕು. ಜಾವಾದಲ್ಲಿ ಎಡಗಡೆ, ಕ್ಲಚ್ ಇರೋ ಕಡೆ ಸೀಲು ಹೋದರೆ ಎಂಜಿನ್ನು ಗೇರ್ ಆಯಿಲನ್ನೇ ಎಳೆದುಕೊಂಡು ಸುಡುತ್ತೆ, ಹಿಂದೆ ದಟ್ಟ ಬಿಳಿ ಹೊಗೆ. ಬಲಗಡೆ ಡೈನಮೋ ಪಕ್ಕದ್ದು ಹೋದರೆ ಹೊಗೆ ಬರಲ್ಲ, ಮೋಸ ಅಲ್ಲೇ ಇರೋದು. ಹೊರಗಿನ ಗಾಳಿ ಒಳಗೆ ಸೇರಿ ಪೆಟ್ರೋಲಿನ ಪ್ರಮಾಣ ಕಡಿಮೆಯಾಗುತ್ತೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನು ಕಿರುಚುತ್ತೆ, ಕೊನೆಗೆ ಪಿಸ್ಟನ್ ಹಿಡಿದುಕೊಳ್ಳುತ್ತೆ. ಎಷ್ಟೋ ಜನ ಕಾರ್ಬುರೇಟರ್ ಬಿಚ್ಚಿ ಬಿಚ್ಚಿ ಸುಸ್ತಾಗಿರ್ತಾರೆ, ರೋಗ ಇರೋದು ಸೀಲಿನಲ್ಲಿ.

ಅದಕ್ಕೇ ಸೀಲು ಕೊಳ್ಳುವಾಗ ಯಾವ ರಬ್ಬರು ಅಂತ ಕೇಳ್ತೀನಿ. ಸಾಮಾನ್ಯವಾಗಿ ಸಿಗೋದು ನೈಟ್ರೈಲ್. ಈಗ ಬಂಕಿನಲ್ಲಿ ಹಾಕೋದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲನ್ನೂ ಶಾಖವನ್ನೂ ವಿಟಾನ್ ಅನ್ನೋ ಇನ್ನೊಂದು ರಬ್ಬರು ಚೆನ್ನಾಗಿ ತಡೆಯುತ್ತೆ. ನನ್ನ ಅಳತೆಗೆ ವಿಟಾನ್ ಇಲ್ಲೇ ಸಿಕ್ಕರೆ ಇಲ್ಲೇ ತಗೊಳ್ತೀನಿ. ಸಿಗದಿದ್ದರೆ ಝೆಕ್ ಪಟ್ಟಿಗೆ ಸೇರಿಸ್ತೀನಿ. ಅಂಗೈಯಲ್ಲಿ ಹಿಡಿಸೋ ವಸ್ತು, ತೂಕ ಇಲ್ಲ.

ಈ ಊರಲ್ಲಿ ಮಾಡಿಸಿಕೊಳ್ಳಬಹುದಾದ್ದನ್ನ ಹೊರಗಿನಿಂದ ತರಿಸೋದು ನನಗೆ ಸರಿ ಕಾಣಲ್ಲ. ಕೇಬಲ್ ಅಂಥದ್ದು. ಹಳೆಯದನ್ನ ಅಳತೆಗೆ ಕೊಟ್ಟರೆ ಒಳಗಿನ ವೈರು, ಹೊರಗಿನ ಕವಚ ಎರಡನ್ನೂ ಕತ್ತರಿಸಿ ಕೊಡ್ತಾರೆ. ಬೆಸುಗೆ ನಾನೇ ಹಾಕ್ತೀನಿ. ವೈರನ್ನ ತುದಿಗೆ ಕೂರೋ ಹಿತ್ತಾಳೆ ಗುಬಟು, ಅಂದ್ರೆ ನಿಪ್ಪಲ್ ಒಳಗೆ ತೂರಿಸಿ, ಆಚೆ ಬಂದ ತುದಿಯ ಎಳೆಗಳನ್ನ ಸೂಜಿಯಿಂದ ಬಿಡಿಸಿ ಹೂವಿನ ಥರ ಅರಳಿಸಬೇಕು. ಆಮೇಲೆ ಹಿಂದಕ್ಕೆ ಎಳೆದರೆ ಅರಳಿದ ಎಳೆ ನಿಪ್ಪಲಿನ ಗುಂಡಿಯಲ್ಲಿ ಕೂರುತ್ತೆ. ಫ್ಲಕ್ಸ್ ಹಚ್ಚಿ, ಕರಗಿದ ಸೀಸಕ್ಕೆ ಅದ್ದಿ ಎತ್ತಿದರೆ ಮುಗೀತು. ಎಳೆ ಬಿಡಿಸದೆ ಬರೀ ಬೆಸುಗೆ ಹಾಕಿದ ಕೇಬಲ್ಲು ಶ್ರೀರಂಗಪಟ್ಟಣ ದಾಟೋ ಮೊದಲೇ ಕೈಕೊಡುತ್ತೆ.

ಶಾಫ್ಟಿನ ಸುತ್ತ ಕೂರೋ ಲೋಹದ ಕೊಳವೆ, ಬುಷ್ಷೂ ಹಾಗೇ. ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಒಂದು ಶಾಫ್ಟಿನ ಒಳಗೆ ಇನ್ನೊಂದು ತಿರುಗುತ್ತೆ, ವರ್ಷಗಟ್ಟಲೆ ತಿರುಗಿ ಸವೆದು ಅಲ್ಲಾಡೋಕೆ ಶುರುವಾಗುತ್ತೆ. ಬನ್ನಿಮಂಟಪದ ಕಡೆ ನಾನು ಹೋಗೋ ಲೇತಿನವರು ಗನ್‌ಮೆಟಲ್ ಬುಷ್ ಕಡೆದು ಕೊಡ್ತಾರೆ. ಒಂದು ಸಲ ಕೇಳಿದೆ, "ಅಣ್ಣ, ಇದು ಹೊರಗಡೆ ರೆಡಿಮೇಡ್ ಸಿಗುತ್ತಂತಲ್ಲ?" ಅವರು ತಲೆ ಎತ್ತಲಿಲ್ಲ. "ಸಿಗುತ್ತೆ ಸಾರ್, ಹೊಸ ಶಾಫ್ಟಿನ ಅಳತೇದು. ನಿಮ್ಮ ಶಾಫ್ಟ್ ಹೊಸದಾ?" ಅದು ನೂರಕ್ಕೆ ನೂರು ನಿಜ. ಸವೆದ ಶಾಫ್ಟಿಗೆ ಕಂಪನಿ ಅಳತೆಯ ಬುಷ್ ಹಾಕಿದರೆ ಅಲ್ಲಾಟ ಅರ್ಧವೂ ಹೋಗಲ್ಲ. ಶಾಫ್ಟನ್ನ ಲೇತಿನ ಮುಂದೆ ಇಟ್ಟು, ಅದಕ್ಕೆ ತಕ್ಕಂತೆ ಕಡೆಸಬೇಕು. ಯಾವ ವೆಬ್‌ಸೈಟೂ ಈ ಕೆಲಸ ಮಾಡಿಕೊಡಲ್ಲ.

ಪಿಸ್ಟನ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಬೋರು, ಅಂದ್ರೆ ಸಿಲಿಂಡರಿನ ಒಳವ್ಯಾಸ, 65 ಮಿ.ಮೀ. ಸ್ಟ್ರೋಕು, ಅಂದ್ರೆ ಪಿಸ್ಟನ್ ಓಡಾಡೋ ದೂರ, 75. ಸಿಲಿಂಡರ್ ಸವೆದಾಗ ಹಾಕೋ ಓವರ್‌ಸೈಜು ಪಿಸ್ಟನ್ ಕಾಲು ಮಿಲಿಮೀಟರ್ ಲೆಕ್ಕದಲ್ಲಿ ಏರುತ್ತೆ. ಎಲ್ಲಿಂದಾದರೂ ತರಿಸಿ, ಆದರೆ ಪಿಸ್ಟನ್ ಕೈಗೆ ಬರೋ ತನಕ ಸಿಲಿಂಡರನ್ನ ಬೋರಿಂಗಿಗೆ ಕೊಡಬೇಡಿ. ಡಬ್ಬಿ ಮೇಲೆ ಬರೆದ ಸೈಜು ಒಂದು, ಮೈಕ್ರೋಮೀಟರ್ ಹೇಳೋ ಸೈಜು ಇನ್ನೊಂದು ಇರಬಹುದು. ಕೈಯಲ್ಲಿರೋ ಪಿಸ್ಟನ್ನಿಗೆ ಬೋರ್ ಮಾಡಿಸಬೇಕು.

ಇನ್ನು ಗುಜರಿ ಮತ್ತು ಹಳೇ ಸ್ಟಾಕು. ಮುಚ್ಚಿದ ಡೀಲರುಗಳ ಗೋಡೌನಿನಿಂದ ಬಂದ, ಎಣ್ಣೆಕಾಗದದಲ್ಲಿ ಸುತ್ತಿದ "ಕಂಪನಿ ಮಾಲು" ಮೈಸೂರು, ಮಂಡ್ಯದ ಹಳೇ ಅಂಗಡಿಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಸಿಗುತ್ತೆ. ಗೇರು, ಶಾಫ್ಟು, ಸ್ಪ್ರಾಕೆಟ್ಟು ಸಿಕ್ಕರೆ ಚೌಕಾಸಿ ಜಾಸ್ತಿ ಮಾಡದೆ ತಗೊಂಡುಬಿಡಿ, ಇವತ್ತು ಮಾಡೋ ಮರುತಯಾರಿಗಿಂತ ಆ ಉಕ್ಕು ವಾಸಿ. ಆದರೆ ಅದೇ ಡಬ್ಬಿಯಲ್ಲಿರೋ ರಬ್ಬರ್ ಸಾಮಾನಿಗೆ ಐದು ರೂಪಾಯಿ ಕೊಡೋದೂ ದಂಡ. ಮೂವತ್ತು ವರ್ಷ ಕೂತ ರಬ್ಬರು ಬಳಸದಿದ್ದರೂ ಸತ್ತಿರುತ್ತೆ. ಉಗುರಿನಿಂದ ಒತ್ತಿ ನೋಡಿ, ಗುರುತು ಮೂಡಿ ಮತ್ತೆ ಮಾಯವಾಗಬೇಕು. ಗುರುತೇ ಮೂಡದಿದ್ದರೆ ಅಥವಾ ಸಣ್ಣ ಬಿರುಕು ಕಂಡರೆ ಅಲ್ಲೇ ಇಟ್ಟು ಬನ್ನಿ.

ಇನ್ನೊಂದು ಗೊಂದಲ ಇದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ರಸ್ತೆಗೆ ಬಂದ ಮೇಲೆ ಕೆಲವರು ಹಳೇ ಗಾಡಿ ಸಾಮಾನು ಕೇಳಿಕೊಂಡು ಶೋರೂಮಿಗೆ ಹೋಗ್ತಾರೆ. ಹೊಸದು ಫೋರ್ ಸ್ಟ್ರೋಕು, ನೀರಿನಿಂದ ತಂಪಾಗೋ ಎಂಜಿನ್ನು, ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹಳೇದಕ್ಕೂ ಅದಕ್ಕೂ ಹೆಸರೊಂದೇ ನಂಟು.

ಈಗ ಝೆಕ್‌ನಿಂದ ಏನು ತರಿಸ್ತೀನಿ ಅನ್ನೋದಕ್ಕೆ ಬರ್ತೀನಿ. ನನ್ನ ಹಳೇ ಜಾವಾದ ಮೂಲ ಅಲ್ಲಿನ ಐವತ್ತರ ದಶಕದ 353 ಮಾದರಿ. ಆ ಗಾಡಿ ಸಾಕಿಕೊಂಡವರು ಅಲ್ಲಿ ಇವತ್ತಿಗೂ ಬೇಕಾದಷ್ಟು ಜನ ಇರೋದರಿಂದ ರಬ್ಬರು, ಪ್ಯಾಕಿಂಗು (ಗ್ಯಾಸ್ಕೆಟ್), ಲೈಟಿನ ಗಾಜು, ಕ್ಲಚ್ಚಿನ ಕಾರ್ಕ್ ಪ್ಲೇಟು ಎಲ್ಲ ಹೊಸದಾಗಿ ತಯಾರಾಗುತ್ತೆ. ಕಾರ್ಕಿನ ಪ್ಲೇಟು ಬಂದ ಕೂಡಲೇ ಹಾಕೋ ಹಾಗಿಲ್ಲ, ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆಸಿಡಬೇಕು. ಜೊತೆಗೆ ಅಲ್ಲಿನ ವಾಪೆ ಕಂಪನಿಯ, ಎಂಜಿನ್ನಿಗೆ ಕಿಡಿ ಕೊಡೋ ಇಗ್ನಿಷನ್ ಕಿಟ್. ಆರು ವೋಲ್ಟಿನ ಡೈನಮೋ, ಪಾಯಿಂಟು ತೆಗೆದು 12 ವೋಲ್ಟಿನ ಮ್ಯಾಗ್ನೆಟೋ ಕೂರಿಸೋದು. ಬ್ಯಾಟರಿ ಸತ್ತರೂ ಗಾಡಿ ಸ್ಟಾರ್ಟ್ ಆಗುತ್ತೆ. ದುಬಾರಿ, ಆದರೆ ಇಲ್ಲಿ ಸಿಗೋ ಅಗ್ಗದ ಕಿಟ್ಟುಗಳ ಜೊತೆ ಗುದ್ದಾಡಿದವರಿಗೆ ಆ ದುಡ್ಡಿನ ಬೆಲೆ ಗೊತ್ತು.

ರೋಡ್‌ಕಿಂಗಿಗೆ ಈ ದಾರಿ ಇಲ್ಲ. 1978ರಲ್ಲಿ ಬಂದ ಆ ಗಾಡಿ ನಮ್ಮದೇ. ಅದರ ಟ್ಯಾಂಕು, ಸೈಡ್ ಪ್ಯಾನೆಲ್ಲು ಅವರ ಕ್ಯಾಟಲಾಗಿನಲ್ಲಿ ಯಾಕೆ ಇರುತ್ತೆ? ಚಿತ್ರದಲ್ಲಿ ಒಂದೇ ಥರ ಕಾಣುತ್ತೆ ಅಂತ ಆರ್ಡರ್ ಮಾಡೋಕೆ ಹೋಗಬೇಡಿ. ಅಳತೆ ಕೊಟ್ಟಿಲ್ಲದಿದ್ದರೆ ಮಾರೋರಿಗೆ ಮೇಲ್ ಮಾಡಿ ಕೇಳಿ. ಒಳ್ಳೆಯವರು ವರ್ನಿಯರ್ ಇಟ್ಟು ಫೋಟೋನೇ ಕಳಿಸ್ತಾರೆ.

ದುಡ್ಡಿನ ಲೆಕ್ಕ ಹೀಗೆ. ಸಾಮಾನಿಗೆ 3000, ಸಾಗಣೆಗೆ 2500 ಆಯ್ತು ಅನ್ನಿ. ಕಸ್ಟಮ್ಸ್‌ನವರು ಸುಂಕ ಹಾಕೋದು ಬರೀ ಮೂರು ಸಾವಿರದ ಮೇಲಲ್ಲ, ಸಾಗಣೆ, ವಿಮೆ ಎಲ್ಲ ಸೇರಿದ ಮೊತ್ತದ ಮೇಲೆ. ಸುಂಕದ ಮೇಲೊಂದು ಸರ್‌ಚಾರ್ಜು. ಇಷ್ಟೂ ಸೇರಿದ ಮೊತ್ತಕ್ಕೆ ಐಜಿಎಸ್‌ಟಿ, ಅಂದ್ರೆ ಆಮದಿಗೆ ಹಾಕೋ ಜಿಎಸ್‌ಟಿ. ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗೋದರಿಂದ ಆರ್ಡರಿಗೆ ಮುಂಚೆ ನೋಡಿಕೊಳ್ಳಿ. ಬೈಕಿನ ಬಿಡಿ ಸಾಮಾನಿನ ಜಿಎಸ್‌ಟಿ ಮಾತ್ರ ಶೇ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ, ಊರಿನ ಅಂಗಡಿಯ ಬಿಲ್ಲಿಗೂ ಅದೇ ಅನ್ವಯ. ಕೊರಿಯರ್‌ನವರು ತಮ್ಮ ಶುಲ್ಕ ಬೇರೆ ಹಾಕ್ತಾರೆ, ಕೆವೈಸಿಗೆ ಆಧಾರ್ ಅಥವಾ ಪ್ಯಾನ್ ಕೇಳ್ತಾರೆ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನ ನೀವೇ ಬ್ಯಾಂಕ್ ಆ್ಯಪಿನಲ್ಲಿ ಆನ್ ಮಾಡಿಕೊಳ್ಳಬೇಕು, ಕರೆನ್ಸಿ ಬದಲಾವಣೆಗೆ ಬ್ಯಾಂಕು ತನ್ನ ಪಾಲು ಕೀಳುತ್ತೆ. "ಗಿಫ್ಟ್ ಅಂತ ಬರೆಸಿ ಸಾರ್" ಅಂತ ಸಲಹೆ ಕೊಡೋರು ಇನ್ನೂ ಇದ್ದಾರೆ. ಐದು ಸಾವಿರದವರೆಗಿನ ಉಡುಗೊರೆಗೆ ಇದ್ದ ಸುಂಕದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯ್ತು.

ಉಳಿತಾಯಕ್ಕೆ ದಾರಿ ಎರಡಿವೆ. ಝೆಕ್‌ನ ಮಾರಾಟ ತೆರಿಗೆ ವ್ಯಾಟ್ ಶೇ 21ರಷ್ಟು, ಯುರೋಪಿನ ಒಕ್ಕೂಟದ ಹೊರಗೆ ಕಳಿಸುವಾಗ ಅದನ್ನ ಬಿಡಬಹುದು. ಬಿಲ್ಲಿನಲ್ಲಿ ತಾನಾಗೇ ಕಳೆಯದಿದ್ದರೆ ಬರೆದು ಕೇಳಬೇಕು. ಎರಡನೆಯದು, ಒಬ್ಬರೇ ತರಿಸದೆ ಗುಂಪಾಗಿ ತರಿಸೋದು. ಮಂಡ್ಯದ ಇಬ್ಬರು ಗೆಳೆಯರು, ನಾನು ಸೇರಿ ಪಟ್ಟಿ ಬೆಳೆಸ್ತಾ ಇರ್ತೀವಿ, ಪಾರ್ಸೆಲ್ಲಿನ ತೂಕದ ಮಿತಿ ತುಂಬಿದಾಗ ಆರ್ಡರ್ ಹೋಗುತ್ತೆ. ಸಾಗಣೆ ಖರ್ಚು ಮೂರು ಪಾಲಾದರೆ ರಬ್ಬರ್ ಸಾಮಾನು ತರಿಸೋದು ಗಿಟ್ಟುತ್ತೆ, ಒಬ್ಬರಿಗೇ ಆದರೆ ಗಿಟ್ಟಲ್ಲ.

ಒಂದು ಸಲ ಟ್ಯಾಂಕಿನ ಪಕ್ಕದ ಮೊಣಕಾಲು ರಬ್ಬರು ಕೇಳಿದರೆ ಬೇರೆ ಮಾದರಿಯದು ಬಂತು. ಮಾರಿದವರು ತಮ್ಮ ತಪ್ಪು ಅಂತ ಒಪ್ಪಿಕೊಂಡರು, ವಾಪಸ್ ಕಳಿಸಿ ಅಂದರು. ವಾಪಸ್ ಕಳಿಸೋ ಖರ್ಚಿಗೆ ಇನ್ನೊಂದು ಜೊತೆ ಬರುತ್ತಿತ್ತು. ಲಷ್ಕರ್ ಮೊಹಲ್ಲಾದ ಅಂಗಡಿಯಲ್ಲಾದರೆ, "ನಾಳೆ ಬಂದು ಬದಲಾಯಿಸ್ಕೊಂಡು ಹೋಗಿ ಸಾರ್" ಅಂತಾರೆ, ಒಂದು ಟೀ ಕೂಡ ತರಿಸ್ತಾರೆ. ಈ ಅನುಕೂಲಕ್ಕೂ ಒಂದು ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಸೈಲೆನ್ಸರ್ ಮಾತ್ರ ಯಾವತ್ತೂ ಹೊರಗಿನಿಂದ ತರಿಸಲ್ಲ. ಉದ್ದ, ಭಾರ, ಸಾಗಣೆಯೇ ಸಾಮಾನಿನ ಬೆಲೆ ಮೀರುತ್ತೆ. ಇಲ್ಲಿ ಸಿಗೋ ಮರುತಯಾರಿ ಹೊರಗೆ ಫಳಫಳ ಅಂತ ಹೊಳೆಯುತ್ತೆ, ಒಳಗಿನ ಬ್ಯಾಫಲ್ (ಸದ್ದು ತಗ್ಗಿಸೋ ತೂತಿನ ಕೊಳವೆ) ಎಳೆದು ನೋಡಿದರೆ ತೂತುಗಳ ಲೆಕ್ಕವೇ ಬೇರೆ ಇರುತ್ತೆ. ಟೂ ಸ್ಟ್ರೋಕಿನ ಎಳೆತ ಅರ್ಧ ಇರೋದೇ ಅಲ್ಲಿ. ಹಾಗಾಗಿ ನಿಮ್ಮ ಹಳೇ ಸೈಲೆನ್ಸರ್ ಕ್ರೋಮ್ ಕಿತ್ತು ತುಕ್ಕು ಹಿಡಿದಿದ್ದರೂ ಗುಜರಿಗೆ ಹಾಕಬೇಡಿ. ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ಒಳಗಿನ ಮಸಿ ಬಿಡಿಸಿ, ಆ ಬ್ಯಾಫಲನ್ನೇ ಹೊಸ ಕೊಳವೆಗೆ ಹಾಕಿಸಿ. ಕೈಗೆ ಗ್ಲೋವ್ಸ್ ಇರಲಿ, ಅಲ್ಯೂಮಿನಿಯಂ ಸಾಮಾನು ಯಾವುದನ್ನೂ ಆ ನೀರಿಗೆ ಇಳಿಸಬೇಡಿ.