ಲ್ಯಾಪ್ರೋಸ್ಕೋಪಿ ನಂತರದ ನೋವು: ಕಡಿಮೆ ಮಾಡಿಕೊಳ್ಳುವುದು ಹೇಗೆ?

ಲ್ಯಾಪ್ರೋಸ್ಕೋಪಿ ಎಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ, ಅದರೊಳಗೆ ಕ್ಯಾಮೆರಾ ತೂರಿಸಿ ನಡೆಸುವ ಶಸ್ತ್ರಚಿಕಿತ್ಸೆ. ಗರ್ಭಕೋಶ ತೆಗೆಸಲು, ಅಂಡಾಶಯದ ಗಡ್ಡೆಗೆ ಅಥವಾ ಸಂತಾನಹರಣಕ್ಕೆಂದು ಜಗಳೂರು, ಹೊನ್ನಾಳಿ, ಹೊಳಲ್ಕೆರೆ ಕಡೆಯಿಂದ ದಾವಣಗೆರೆಯ ಆಸ್ಪತ್ರೆಗಳಿಗೆ ಬರುವ ಹೆಣ್ಣುಮಕ್ಕಳಿಗೆ ‘ಸಣ್ಣ ತೂತು, ನೋವೇ ಇರುವುದಿಲ್ಲ’ ಎಂದು ಯಾರಾದರೂ ಹೇಳಿಯೇ ಕಳುಹಿಸಿರುತ್ತಾರೆ. ಗಾಯ ಸಣ್ಣದು, ನಿಜ. ನೋವು ಮಾತ್ರ ಇರುತ್ತದೆ. ಅದನ್ನು ಹಲ್ಲು ಕಚ್ಚಿ ಸಹಿಸಬೇಕಾಗಿಲ್ಲ.

ತಯಾರಿ ಶಸ್ತ್ರಚಿಕಿತ್ಸೆಗೆ ಮೊದಲೇ ಆಗಬೇಕು. ಅಸ್ತಮಾ, ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ತಿಳಿಸಿ. ಕೆಲವು ನೋವಿನ ಮಾತ್ರೆಗಳು ಇಂಥವರಿಗೆ ಆಗುವುದಿಲ್ಲ. ಮನೆಗೆ ಹೊರಡುವಾಗ ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಳ್ಳಿ.

ಮೊದಲ ಎರಡು ಮೂರು ದಿನ ಮಾತ್ರೆಯನ್ನು ಗಡಿಯಾರ ನೋಡಿ ನುಂಗಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಇದೇ ಔಷಧ ಇರುವುದುಂಟು, ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ.

ಹೆಚ್ಚಿನವರನ್ನು ಹೆದರಿಸುವುದು ಭುಜದ ನೋವು. ಹೊಟ್ಟೆಗೆ ಆಪರೇಷನ್, ಭುಜಕ್ಕೇಕೆ ನೋವು? ಒಳಭಾಗ ಚೆನ್ನಾಗಿ ಕಾಣಲೆಂದು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತಾರೆ. ಕೊನೆಯಲ್ಲಿ ಹೊರಬಿಟ್ಟರೂ ಸ್ವಲ್ಪ ಉಳಿದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಕೆಣಕುತ್ತದೆ. ವಪೆಯ ನರವೂ ಭುಜದ ನರವೂ ಕುತ್ತಿಗೆಯ ಭಾಗದ ಬೆನ್ನುಹುರಿಯನ್ನೇ ಸೇರುವುದರಿಂದ ಮೆದುಳು ನೋವನ್ನು ಭುಜದ್ದೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ದೇಹವೇ ಈ ಅನಿಲವನ್ನು ಹೀರಿ ಉಸಿರಿನ ಮೂಲಕ ಹೊರಹಾಕುತ್ತದೆ. ಅಲ್ಲಿಯವರೆಗೆ ಕುಳಿತಾಗ ನೋವು ಹೆಚ್ಚಾದರೆ ತುಸು ಹೊತ್ತು ಮಲಗಿ. ಭುಜಕ್ಕೆ ಬಟ್ಟೆಯ ಮೇಲಿಂದ ಹದವಾದ ಬಿಸಿ ಶಾಖ ಕೊಡಿ. ಆಗಾಗ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ನಡೆಯಿರಿ. ಬಾಣಂತಿಯಂತೆ ಮಲಗಿಯೇ ಇರಬೇಕೆಂಬ ಹಿರಿಯರ ಕಾಳಜಿ ದೊಡ್ಡದು, ಆದರೆ ಇಲ್ಲಿ ನಡಿಗೆಯೇ ಒಳ್ಳೆಯದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಅದರಿಂದ ತಗ್ಗುತ್ತದೆ.

ಏಳುವಾಗ ನೇರವಾಗಿ ಏಳಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈ ಊರಿ ಏಳಿ. ಕೆಮ್ಮುವಾಗ, ಊರಿಗೆ ಮರಳುವ ಬಸ್ ಕುಲುಕುವಾಗ ಹೊಟ್ಟೆಗೆ ಸಣ್ಣ ದಿಂಬು ಒತ್ತಿಕೊಳ್ಳಿ.

ಮಲಬದ್ಧತೆಯಿಂದಲೂ ಹೊಟ್ಟೆ ನೋಯುತ್ತದೆ. ನೀರು ಕುಡಿದರೆ ಗಾಯ ಕೀವಾಗುತ್ತದೆ, ಬೇಳೆ ನಂಜು ಎಂಬ ಮಾತುಗಳನ್ನು ನಂಬಿ ಬಾಯಿ ಕಟ್ಟಬೇಡಿ. ವೈದ್ಯರು ಬೇರೆ ಹೇಳದಿದ್ದರೆ ನೀರು, ತಿಳಿ ಸಾರು, ಹಣ್ಣು, ಸೊಪ್ಪು ಎಲ್ಲವೂ ಬೇಕು. ಮಿರ್ಚಿ ಮಂಡಕ್ಕಿ ಮಾತ್ರ ಕೆಲವು ದಿನ ದೂರವಿರಲಿ.

ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರುತ್ತಿದ್ದರೆ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ನಿಲ್ಲದ ವಾಂತಿ, ಹೊಟ್ಟೆಯುಬ್ಬರ, ಮೂತ್ರ ಕಟ್ಟುವುದು, ಹೆಚ್ಚು ರಕ್ತಸ್ರಾವ, ಮೀನಖಂಡದ ಊತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.